ಶೆನ್ಜೆನ್ ಬೀದಿಯಲ್ಲಿ ಮುದುಕರು ಯಾಕೆ ಕಮ್ಮಿ?

ಹಾಂಗ್‌ಕಾಂಗ್‌ನ ವೆಸ್ಟ್ ಕೌಲೂನ್ ನಿಲ್ದಾಣದಲ್ಲಿ ಬುಲೆಟ್ ರೈಲು ಹತ್ತಿ, ಬ್ಯಾಗು ಮೇಲಿಟ್ಟು, ಫೋನಿಗೆ ಚಾರ್ಜರ್ ಸಿಕ್ಕಿಸುವಷ್ಟರಲ್ಲಿ ದಕ್ಷಿಣ ಚೀನಾದ ಶೆನ್ಜೆನ್ ನಗರದ ಫುಟಿಯನ್ ಬಂದುಬಿಡುತ್ತದೆ. ಸುಮಾರು ಹದಿನೈದು ನಿಮಿಷ, ಅಷ್ಟೇ. ಎರಡೂ ಕಡೆಯ ಪಾಸ್‌ಪೋರ್ಟ್ ತಪಾಸಣೆ ರೈಲು ಹತ್ತುವ ಮೊದಲೇ ಮುಗಿದಿರುತ್ತದೆ. ಫುಟಿಯನ್ ನಿಲ್ದಾಣ ಇರುವುದು ನೆಲದಡಿ. ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಹತ್ತಿ ಹೊರಗೆ ಬಂದರೆ, ಸೀದಾ ಊರಿನ ಹೊಟ್ಟೆಯೊಳಗೆ ನಿಂತಿರುತ್ತೀರಿ. ಹತ್ತಿರದಲ್ಲೇ 599 ಮೀಟರ್ ಎತ್ತರದ ಪಿಂಗ್ ಆನ್ ಕಟ್ಟಡ. ಅದರ ತುದಿ ನೋಡೋಣ ಅಂತ ಕತ್ತೆತ್ತಿದೆ. ಮೋಡದಲ್ಲಿ ಸಿಗಲಿಲ್ಲ.

ಆದರೆ ನನಗೆ ಮೊದಲು ವಿಚಿತ್ರ ಅನ್ನಿಸಿದ್ದು ಎತ್ತರವಲ್ಲ, ಸದ್ದು. ಅಂದರೆ ಸದ್ದಿಲ್ಲದಿರುವುದು. ಎಂಟು ಲೇನಿನ ರಸ್ತೆ, ತುಂಬ ವಾಹನ. ಕೇಳುವುದು ಮಾತ್ರ ಟೈರು ಉಜ್ಜುವ ಸದ್ದು. ಇಲ್ಲಿನ 16,359 ಸಿಟಿ ಬಸ್ಸುಗಳೂ 2017ರ ಕೊನೆಗೇ ಬ್ಯಾಟರಿಗೆ ಬದಲಾದವು. ಮುಂದಿನ ವರ್ಷ ಟ್ಯಾಕ್ಸಿಗಳ ಸರದಿ. ದ್ವಿಚಕ್ರ ವಾಹನಗಳಂತೂ ಬೆಕ್ಕಿನ ಹಾಗೆ ಹಿಂದಿನಿಂದ ಬಂದು ಪಕ್ಕದಲ್ಲೇ ಹಾದುಹೋಗುತ್ತವೆ. ಮೊದಲ ದಿನ ಎರಡು ಸಲ ಬೆಚ್ಚಿಬಿದ್ದೆ.

ಎರಡನೆಯ ವಿಚಿತ್ರ ಗಮನಕ್ಕೆ ಬರಲು ಸಂಜೆಯಾಯಿತು. ಮೆಟ್ರೋದಲ್ಲಿ, ಹೋಟೆಲಿನಲ್ಲಿ, ಫುಟ್‌ಪಾತಿನಲ್ಲಿ ಎಲ್ಲಿ ನೋಡಿದರೂ ಇಪ್ಪತ್ತರಿಂದ ನಲವತ್ತರ ಒಳಗಿನವರೇ. ಮುದುಕರೆಲ್ಲಿ? ಇದು ನನ್ನ ಕಣ್ಣಿನ ತಪ್ಪಲ್ಲ. 2020ರ ಜನಗಣತಿಯಲ್ಲಿ ಶೆನ್ಜೆನ್‌ನ ಜನಸಂಖ್ಯೆ ಸುಮಾರು 1 ಕೋಟಿ 75 ಲಕ್ಷ. ಅವರಲ್ಲಿ 65 ದಾಟಿದವರು ನೂರಕ್ಕೆ ಮೂರು ಜನ ಚಿಲ್ಲರೆ. ಇಡೀ ಚೀನಾದಲ್ಲಿ ಅದು ನೂರಕ್ಕೆ ಹದಿಮೂರರ ಮೇಲೆ. ವಯಸ್ಸಾದವರು ಹೆಚ್ಚುತ್ತಿದ್ದಾರೆ ಅಂತ ದೇಶವೇ ಚಿಂತೆಯಲ್ಲಿದ್ದರೆ, ಇಲ್ಲಿ ಅವರೇ ಕಮ್ಮಿ!

ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಗಗನಚುಂಬಿ ಕಟ್ಟಡಗಳಿಗೂ, ಮೆಟ್ರೋಗೂ, ಆ ಕಟ್ಟಡಗಳ ಬೆನ್ನಿಗೇ ಇರುವ ಕತ್ತಲೆ ಗಲ್ಲಿಗಳಿಗೂ ಉತ್ತರ ಸಿಗುತ್ತದೆ. ಎಲ್ಲದರ ಬುಡದಲ್ಲಿ ಇರುವುದು ಎರಡು ಕಾಗದ. ಒಂದು ಜಮೀನಿನದ್ದು, ಇನ್ನೊಂದು ಮನುಷ್ಯನದ್ದು.

ಮೀನುಗಾರರ ಹಳ್ಳಿಯ ಕಥೆ

ಮೊದಲು ಒಂದು ಕಟ್ಟುಕಥೆ ಪಕ್ಕಕ್ಕಿಡೋಣ. ಶೆನ್ಜೆನ್ ಬಗ್ಗೆ ಯಾರು ಬರೆದರೂ "ನಲವತ್ತು ವರ್ಷದ ಹಿಂದೆ ಇದೊಂದು ಮೀನುಗಾರರ ಹಳ್ಳಿ" ಅಂತಲೇ ಶುರು. ಕೇಳಲು ಚಂದ. ಆದರೆ 1979ರ ತನಕ ಇದು ಬಾವೊಆನ್ ಅನ್ನುವ ಜಿಲ್ಲೆ. ಆಗಲೇ ಮೂರು ಲಕ್ಷಕ್ಕೂ ಹೆಚ್ಚು ಜನ ಇದ್ದರು. ಹಾಂಗ್‌ಕಾಂಗ್‌ನಿಂದ ಗುವಾಂಗ್‌ಝೌಗೆ ಹೋಗುವ ರೈಲು 1911ರಿಂದಲೇ ಇಲ್ಲಿ ಓಡುತ್ತಿತ್ತು, ಸಂತೆಪೇಟೆ ಇತ್ತು. ನಾನ್‌ಟೌ ಅನ್ನುವ ಕೋಟೆಪೇಟೆಗೆ ಸಾವಿರದ ಆರುನೂರು ವರ್ಷಕ್ಕೂ ಹಳೆಯ ಚರಿತ್ರೆ ಇದೆ. ಮೀನುಗಾರರೂ ಇದ್ದರು, ಇಲ್ಲ ಅಂತಲ್ಲ. ಆದರೆ ಹೆಚ್ಚಿನವರು ಗದ್ದೆ ಮಾಡುವವರು, ಲಿಚಿ ತೋಟದವರು, ಸಿಂಪಿ ಸಾಕುವವರು.

ಆ ಜಿಲ್ಲೆಯ ದೊಡ್ಡ ತಲೆನೋವು ಬೇರೆಯೇ ಇತ್ತು. ಜನ ಓಡಿಹೋಗುತ್ತಿದ್ದರು. ನದಿಯ ಆಚೆ ದಡದಲ್ಲಿ ಬ್ರಿಟಿಷರ ಹಾಂಗ್‌ಕಾಂಗ್. ಅಲ್ಲಿ ಸಿಗುವ ಕೂಲಿಗೂ ಇಲ್ಲಿನ ಕೂಲಿಗೂ ಅಜಗಜಾಂತರ. ರಾತ್ರಿ ಬೆಟ್ಟ ಹತ್ತಿ ಹೋದವರು, ಕೊಲ್ಲಿಯಲ್ಲಿ ಈಜಿ ಹೋದವರು, ಈಜಲಾಗದೆ ಸತ್ತವರು ಎಷ್ಟೋ ಮಂದಿ. ಊರುಗಳಲ್ಲಿ ಗದ್ದೆ ಕೊಯ್ಯಲು ಆಳಿಲ್ಲದ ಸ್ಥಿತಿ. ಕಾವಲು ಹೆಚ್ಚಿಸಿದರೂ ಓಟ ನಿಲ್ಲಲಿಲ್ಲ. ಕೊನೆಗೆ ಗುವಾಂಗ್‌ಡಾಂಗ್ ಪ್ರಾಂತದ ನಾಯಕರು 1979ರಲ್ಲಿ ಬೀಜಿಂಗ್‌ಗೆ ಹೋಗಿ, ನಮಗೆ ಸ್ವಲ್ಪ ಲಗಾಮು ಸಡಿಲ ಮಾಡಿ, ಹಾಂಗ್‌ಕಾಂಗ್ ಜೊತೆ ವ್ಯಾಪಾರ ಮಾಡಿಕೊಳ್ಳುತ್ತೇವೆ ಅಂತ ಕೇಳಿದರು. ಆ ತಂಡದಲ್ಲಿದ್ದ ಶೀ ಜೊಂಗ್‌ಶುನ್ ಈಗಿನ ಅಧ್ಯಕ್ಷ ಶೀ ಜಿನ್‌ಪಿಂಗ್ ಅವರ ತಂದೆ. ಆಗ ಚೀನಾದ ಸೂತ್ರ ಹಿಡಿದಿದ್ದ ಡೆಂಗ್ ಶಿಯಾವೊಪಿಂಗ್ ಹೇಳಿದ್ದರ ತಾತ್ಪರ್ಯ ಇಷ್ಟು: ದುಡ್ಡು ಕೊಡಲು ನಮ್ಮ ಹತ್ತಿರ ಇಲ್ಲ, ನಿಯಮದಲ್ಲಿ ಸಡಿಲ ಕೊಡುತ್ತೇವೆ, ನೀವೇ ದಾರಿ ಮಾಡಿಕೊಳ್ಳಿ.

1980ರ ಆಗಸ್ಟ್ 26ರಂದು ವಿಶೇಷ ಆರ್ಥಿಕ ವಲಯ ಹುಟ್ಟಿತು. ನಮ್ಮಲ್ಲಿ ಎಸ್‌ಇಝಡ್ ಅಂದರೆ ಕಾಂಪೌಂಡ್ ಹಾಕಿದ ಐಟಿ ಪಾರ್ಕು ಕಣ್ಣ ಮುಂದೆ ಬರುತ್ತದೆ. ಶೆನ್ಜೆನ್‌ನ ವಲಯ 327.5 ಚದರ ಕಿಲೋಮೀಟರ್. ಅದಕ್ಕೂ ಕಾಂಪೌಂಡ್ ಹಾಕಿದರು ಅನ್ನಿ! ವಲಯಕ್ಕೂ ಉಳಿದ ಚೀನಾಕ್ಕೂ ನಡುವೆ ಸುಮಾರು 85 ಕಿಲೋಮೀಟರ್ ಉದ್ದದ ತಂತಿಬೇಲಿ. ಅದರ ಹೆಸರು "ಎರಡನೇ ಗೆರೆ". ಮೊದಲನೇ ಗೆರೆ ಹಾಂಗ್‌ಕಾಂಗ್ ಗಡಿ. ಚೀನಾದವರೇ ಶೆನ್ಜೆನ್ ಒಳಗೆ ಬರಬೇಕಾದರೆ ಪಾಸು ತೋರಿಸಬೇಕಿತ್ತು.

ಮೂರು ದಿನಕ್ಕೊಂದು ಅಂತಸ್ತು

"ಶೆನ್ಜೆನ್ ವೇಗ" ಅನ್ನುವ ಮಾತು ಬಂದಿದ್ದು ಲುವೊಹು ಭಾಗದ ಗುವೊಮಾವೊ ಕಟ್ಟಡದಿಂದ. 53 ಅಂತಸ್ತು, 1985ರಲ್ಲಿ ಮುಗಿಯಿತು. ಕಾಂಕ್ರೀಟಿನ ಅಚ್ಚನ್ನು ಪ್ರತಿ ಸಲ ಬಿಚ್ಚಿ ಕಟ್ಟುವ ಬದಲು, ಅಚ್ಚನ್ನೇ ಮೇಲಕ್ಕೆ ಜಾರಿಸುತ್ತಾ ಹೋಗುವ ವಿಧಾನ ಬಳಸಿದರು. ಶುರುವಿನಲ್ಲಿ ಒಂದು ಅಂತಸ್ತಿಗೆ ಏಳು ದಿನ ಹಿಡಿಯಿತು. ಕೈ ಪಳಗಿದ ಮೇಲೆ ಮೂರೇ ದಿನ. ಈಗ ಸುತ್ತಲಿನ ಕಟ್ಟಡಗಳ ನಡುವೆ ಅದು ಗಿಡ್ಡವಾಗಿ, ಸ್ವಲ್ಪ ಹಳೇ ಸರ್ಕಾರಿ ಆಫೀಸಿನ ಹಾಗೆ ನಿಂತಿದೆ. 1992ರಲ್ಲಿ ಡೆಂಗ್ ಇದರ ಮೇಲಿನ, ತಿರುಗುವ ಹೋಟೆಲಿನಲ್ಲಿ ಕೂತು ಊರು ನೋಡಿದ್ದರು.

ಬೇಗ ಕಟ್ಟಿದರು, ಸರಿ. ಕಟ್ಟಲು ದುಡ್ಡು ಎಲ್ಲಿಂದ ಬಂತು? ಕೊಡಲು ಇಲ್ಲ ಅಂತ ಬೀಜಿಂಗ್ ಮೊದಲೇ ಕೈಯೆತ್ತಿತ್ತಲ್ಲ. ಹಾಂಗ್‌ಕಾಂಗ್ ಬಂಡವಾಳ ಒಂದು ಉತ್ತರ. ಇನ್ನೊಂದು ಉತ್ತರ ಕಾಲ ಕೆಳಗೇ ಇತ್ತು.

ಚೀನಾದ 1982ರ ಸಂವಿಧಾನದ ಪ್ರಕಾರ ನಗರದ ನೆಲವೆಲ್ಲ ಸರ್ಕಾರದ್ದು. ಹಳ್ಳಿಯ ನೆಲ ಹಳ್ಳಿಯವರ ಸಾಮೂಹಿಕ ಆಸ್ತಿ. ಅದು ಪಟೇಲರದ್ದೂ ಅಲ್ಲ, ರೈತನದ್ದೂ ಅಲ್ಲ, ಊರಿಗೆಲ್ಲ ಸೇರಿದ್ದು. ಮಾರಾಟ, ಗುತ್ತಿಗೆ ಎರಡೂ ನಿಷೇಧ. ಬೆಲೆಯೇ ಇಲ್ಲದ ನೆಲದಿಂದ ದುಡ್ಡು ಹುಟ್ಟಿಸುವುದು ಹೇಗೆ?

ಹಾಂಗ್‌ಕಾಂಗ್‌ನಲ್ಲಿ ಬ್ರಿಟಿಷರು ನೆಲ ಮಾರುತ್ತಿರಲಿಲ್ಲ, ಇಷ್ಟು ವರ್ಷ ಅಂತ ಗುತ್ತಿಗೆ ಕೊಡುತ್ತಿದ್ದರು. ಶೆನ್ಜೆನ್‌ನವರು ಅದನ್ನೇ ನೋಡಿ ಕಲಿತರು. 1987ರ ಡಿಸೆಂಬರ್ 1ರಂದು ಲುವೊಹುವಿನ 8,588 ಚದರ ಮೀಟರ್ ಜಾಗ ಹರಾಜಿಗೆ ಬಂತು. ನಮ್ಮ ಲೆಕ್ಕದಲ್ಲಿ ಎರಡು ಎಕರೆಗೆ ತುಸು ಮೇಲೆ. ಮಾರಿದ್ದು ಜಾಗವನ್ನಲ್ಲ, 50 ವರ್ಷ ಬಳಸುವ ಹಕ್ಕನ್ನು. ಕೂಗಿ ಕೂಗಿ ಕೊನೆಗೆ 52 ಲಕ್ಷ 50 ಸಾವಿರ ಯುವಾನ್‌ಗೆ ಸುತ್ತಿಗೆ ಬಿತ್ತು. ತಮಾಷೆ ಅಂದರೆ ಆ ದಿನ ಅದು ಸಂವಿಧಾನಕ್ಕೆ ವಿರುದ್ಧವೇ. ಮರುವರ್ಷ, 1988ರ ಏಪ್ರಿಲ್‌ನಲ್ಲಿ, ಸಂವಿಧಾನವನ್ನೇ ತಿದ್ದಿ ಬಳಕೆ ಹಕ್ಕು ಮಾರಲು ಅವಕಾಶ ಕೊಟ್ಟರು. ಮದುವೆ ಮೊದಲು, ಮುಹೂರ್ತ ಆಮೇಲೆ.

ಇವತ್ತು ಚೀನಾದ ಯಾವ ನಗರದಲ್ಲಿ ಫ್ಲಾಟ್ ಕೊಂಡರೂ ಕೆಳಗಿನ ನೆಲ ನಿಮ್ಮದಲ್ಲ. ಸಾಮಾನ್ಯವಾಗಿ ವಾಸದ ಮನೆಗೆ 70 ವರ್ಷ, ಕಾರ್ಖಾನೆಗೆ 50, ಅಂಗಡಿ ಮುಂಗಟ್ಟಿಗೆ 40 ವರ್ಷದ ಹಕ್ಕು. ನಗರಸಭೆ ಹಳ್ಳಿಯ ನೆಲವನ್ನು ಪರಿಹಾರ ಕೊಟ್ಟು ತೆಗೆದುಕೊಳ್ಳುತ್ತದೆ, ರಸ್ತೆ ಮೆಟ್ರೋ ತರುತ್ತದೆ, ಆಮೇಲೆ ಬಿಲ್ಡರಿಗೆ ಹಲವು ಪಟ್ಟು ಬೆಲೆಗೆ ಹಕ್ಕು ಮಾರುತ್ತದೆ. ಆ ವ್ಯತ್ಯಾಸವೇ ಖಜಾನೆ. ನಮ್ಮಲ್ಲಿ ಒಂದು ಫ್ಲೈಓವರ್‌ಗೆ ಜಾಗ ಬಿಡಿಸಲು ಹತ್ತು ವರ್ಷ ಕೋರ್ಟು ಅಲೆಯುವುದನ್ನು ನೋಡಿದವರಿಗೆ ಇಲ್ಲಿನ ವೇಗದ ಗುಟ್ಟು ಅರ್ಧ ಇಲ್ಲೇ ಹೊಳೆಯುತ್ತದೆ. ಜಾಗ ಕಳೆದುಕೊಂಡವನ ಬಾಯಿಗೆ ಎಷ್ಟು ಬೆಲೆ ಅನ್ನುವುದೂ ಹೊಳೆಯಬೇಕು.

ಮೆಟ್ರೋ ಇದಕ್ಕೆ ಒಳ್ಳೆಯ ಉದಾಹರಣೆ. 2004ರ ಡಿಸೆಂಬರ್ ಕೊನೆಗೆ ಶುರುವಾದ ಜಾಲ ಇಪ್ಪತ್ತು ವರ್ಷದೊಳಗೆ 500 ಕಿಲೋಮೀಟರ್ ದಾಟಿತು. ಟಿಕೆಟ್ ದುಡ್ಡಿನಿಂದ ಇಷ್ಟು ಸುರಂಗ ಕೊರೆಯಲು ಆಗುವುದಿಲ್ಲ. ನಿಲ್ದಾಣದ ಮೇಲೆ, ಡಿಪೋದ ಮೇಲೆ ಮನೆ ಮಾಲ್ ಕಟ್ಟುವ ಹಕ್ಕೂ ಮೆಟ್ರೋ ಕಂಪನಿಗೇ ಸಿಗುತ್ತದೆ. ಇದೂ ಹಾಂಗ್‌ಕಾಂಗ್‌ನಿಂದ ಕಲಿತ ಪಾಠವೇ. 2017ರಲ್ಲಿ ಶೆನ್ಜೆನ್ ಮೆಟ್ರೋ ಕಂಪನಿ ವಾಂಕೆ ಅನ್ನುವ ದೈತ್ಯ ರಿಯಲ್ ಎಸ್ಟೇಟ್ ಕಂಪನಿಯ ಅತಿ ದೊಡ್ಡ ಷೇರುದಾರನೂ ಆಯಿತು. ರೈಲು ಓಡಿಸುವವರು ಸೈಟು ವ್ಯಾಪಾರಕ್ಕೆ ಇಳಿದ ಹಾಗೆ. ಮನೆ ಬೆಲೆ ಏರುತ್ತಿದ್ದಷ್ಟು ದಿನ ಎಲ್ಲ ಚೆನ್ನಾಗಿತ್ತು. ಬೆಲೆ ಇಳಿಯತೊಡಗಿತು. ವಾಂಕೆ 2024ರಲ್ಲಿ 4,900 ಕೋಟಿ ಯುವಾನ್‌ಗೂ ಹೆಚ್ಚು ನಷ್ಟ ತೋರಿಸಿತು. ಅದಕ್ಕೆ ಸಾಲ ಕೊಟ್ಟು ಉಸಿರು ಹಿಡಿಸುವ ಕೆಲಸ ಮೆಟ್ರೋ ಕಂಪನಿಯ ತಲೆ ಮೇಲೆ ಬಂತು.

ಇಷ್ಟೆಲ್ಲ ಅಗೆದ ಮಣ್ಣು ಎಲ್ಲಿಗೆ ಹೋಗುತ್ತದೆ ಅಂತ ಯಾವ ಪ್ರವಾಸಿಯೂ ಕೇಳುವುದಿಲ್ಲ. ನಗರದ ಗುವಾಂಗ್‌ಮಿಂಗ್ ಭಾಗದಲ್ಲಿ ಬೆಟ್ಟದಂತೆ ಸುರಿದಿದ್ದ ಕಟ್ಟಡ ಕೆಲಸದ ಮಣ್ಣು 2015ರ ಡಿಸೆಂಬರ್ 20ರಂದು ಕುಸಿದು ಕಾರ್ಖಾನೆ, ಹಾಸ್ಟೆಲುಗಳ ಮೇಲೆ ಬಿತ್ತು. ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು.

ಕೈ ಕುಲುಕುವ ಮನೆಗಳು

ಎರಡನೇ ದಿನ ಮಧ್ಯಾಹ್ನ ನನ್ನ ಫೋನಿನ ಪೇಮೆಂಟ್ ಆ್ಯಪ್ ಕೈಕೊಟ್ಟಿತು. ಚೀನಾಕ್ಕೆ ಹೋಗುವ ನಮ್ಮವರಿಗೆ ಇದು ಹೇಳಲೇಬೇಕಾದ ಮಾತು. ವಿದೇಶಿ ಕಾರ್ಡನ್ನು ಅಲ್ಲಿನ ಆ್ಯಪ್‌ಗಳಿಗೆ ಜೋಡಿಸುವುದು 2023ರಿಂದ ಸುಲಭವಾಗಿದೆ. ಆದರೆ ಅಂಥ ಆ್ಯಪ್‌ಗಳಲ್ಲೊಂದಾದ ವಿಚಾಟ್ ಭಾರತದಲ್ಲಿ 2020ರ ಜೂನ್‌ನಿಂದ ನಿಷೇಧ. ಹಾಗಾಗಿ ಎಲ್ಲ ಸಿದ್ಧತೆ ಊರಲ್ಲೇ ಮುಗಿಸಿ ಹೋಗೋಣ ಅಂದರೆ ಆಗುವುದಿಲ್ಲ. ಸ್ವಲ್ಪ ನಗದು ಇಟ್ಟುಕೊಳ್ಳಿ. ನಗದು ಬೇಡ ಅನ್ನುವ ಹಾಗಿಲ್ಲ, ಕಾನೂನಿದೆ. ಚಿಲ್ಲರೆ ಇರುತ್ತದೆ ಅಂತ ಮಾತ್ರ ಯಾವ ಕಾನೂನೂ ಹೇಳುವುದಿಲ್ಲ. ನಾನು ನೂಡಲ್ಸ್ ತಿಂದು ನೂರು ಯುವಾನ್ ನೋಟು ಕೊಟ್ಟಾಗ ಅಂಗಡಿಯ ಹೆಂಗಸು ಅದನ್ನು ಹಳೇ ಫೋಟೋ ನೋಡುವ ಹಾಗೆ ನೋಡಿದರು. ಆಮೇಲೆ ಬನ್ನಿ ಅಂತ ಸನ್ನೆ ಮಾಡಿ, ಚಿಲ್ಲರೆ ಹುಡುಕಲು ಹಿಂದಿನ ಗಲ್ಲಿಗೆ ಕರೆದುಕೊಂಡು ಹೋದರು.

ಗಾಜಿನ ಕಟ್ಟಡಗಳಿಂದ ನೂರು ಹೆಜ್ಜೆಯೂ ಇಲ್ಲ, ಬೇರೆಯೇ ಊರು. ಆರೇಳು ಅಂತಸ್ತಿನ ಮನೆಗಳು ಎಷ್ಟು ಒತ್ತಾಗಿ ನಿಂತಿವೆ ಅಂದರೆ, ನಡು ಹಗಲಲ್ಲೂ ಕೆಳಗೆ ದೀಪ ಬೇಕು. ಈ ಕಿಟಕಿಯಿಂದ ಕೈ ಚಾಚಿದರೆ ಎದುರು ಮನೆಯವರ ಕೈ ಕುಲುಕಬಹುದು. ಅದಕ್ಕೇ ಇವುಗಳ ಅಡ್ಡಹೆಸರು "ಕೈ ಕುಲುಕುವ ಮನೆಗಳು". ತಲೆ ಮೇಲೆ ವೈರುಗಳ ಚಪ್ಪರ, ಒಣಗಲು ಹಾಕಿದ ಬಟ್ಟೆ. ಕ್ಷೌರದಂಗಡಿ, ಬಾತುಕೋಳಿ ನೇತುಹಾಕಿದ ಅಂಗಡಿ, ಇಸ್ಪೀಟು ಆಡುವ ಗಂಡಸರು. ಊರಿನಲ್ಲಿ ಕಾಣದ ಮುದುಕರು ನಾಲ್ಕಾರು ಮಂದಿ ಇಲ್ಲಿ ಸ್ಟೂಲು ಹಾಕಿ ಕೂತಿದ್ದರು.

ಇವುಗಳಿಗೆ ಚೀನೀ ಭಾಷೆಯಲ್ಲಿ "ಚೆಂಗ್‌ಝೊಂಗ್‌ಸುನ್" ಅನ್ನುತ್ತಾರೆ, ಊರ ನಡುವಿನ ಹಳ್ಳಿ ಅಂತ ಅರ್ಥ. ಇದು ಕೊಳೆಗೇರಿ ಅಲ್ಲ. ಇವು ಮಾಲೀಕರೇ ಕಟ್ಟಿಸಿದ ಪಕ್ಕಾ ಮನೆಗಳು. ನಗರಸಭೆ ಹಳ್ಳಿಯವರ ಗದ್ದೆ ತೆಗೆದುಕೊಂಡಿತು. ಆದರೆ ಅವರು ವಾಸವಿದ್ದ ಜಾಗ, ನಮ್ಮಲ್ಲಿ ಗ್ರಾಮಠಾಣಾ ಅನ್ನುತ್ತೇವಲ್ಲ ಅಂಥದ್ದು, ಬಹುಪಾಲು ಅವರ ಕೈಯಲ್ಲೇ ಉಳಿಯಿತು. ಗದ್ದೆ ಹೋಯಿತು, ಇನ್ನು ಮಾಡುವುದೇನು? ಇದ್ದ ಹೆಂಚಿನ ಮನೆ ಕೆಡವಿ ಅಂತಸ್ತಿನ ಮೇಲೆ ಅಂತಸ್ತು ಏರಿಸಿದರು, ಬಾಡಿಗೆಗೆ ಬಿಟ್ಟರು. ಹೊಸ ನಿಯಮ ಬರುತ್ತದೆ ಅಂತ ಗಾಳಿ ಸುದ್ದಿ ಹಬ್ಬಿದಾಗಲೆಲ್ಲ ರಾತ್ರೋರಾತ್ರಿ ಇನ್ನೆರಡು ಅಂತಸ್ತು ಏಳುತ್ತಿತ್ತು. 2004ರಲ್ಲಿ ನಗರಸಭೆ ಕಾಗದದ ಮೇಲೆ ಎಲ್ಲ ಹಳ್ಳಿಗಳನ್ನೂ ನಗರ ಮಾಡಿತು. ಹಳ್ಳಿಯೇ ಇಲ್ಲದ ಚೀನಾದ ಮೊದಲ ನಗರ ಅಂತ ಹೆಸರೂ ಬಂತು. ಗಲ್ಲಿಗಳು ಅಲ್ಲೇ ಇದ್ದವು.

ನನ್ನ ಅಭಿಪ್ರಾಯ ಕೇಳಿದರೆ, ಶೆನ್ಜೆನ್ ಅನ್ನು ನಿಜವಾಗಿ ಕಟ್ಟಿದ್ದು ಈ ಗಲ್ಲಿಗಳು. ಸುಮಾರು ಅರ್ಧ ಊರು ಇಂಥ ಕಡೆಯೇ ಬಾಡಿಗೆಗಿದೆ. ಹಳ್ಳಿಯಿಂದ ಬಸ್ಸಿಳಿದ ಹುಡುಗಿ ಮೊದಲ ತಿಂಗಳ ಸಂಬಳದಲ್ಲಿ ಇಲ್ಲೊಂದು ಕೋಣೆ ಹಿಡಿಯಬಹುದು. ಕಾರ್ಖಾನೆಯವರು, ಹೋಟೆಲಿನವರು, ಪಾರ್ಸೆಲ್ ಹಂಚುವವರು, ಆಗಷ್ಟೇ ಡಿಗ್ರಿ ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವರು, ಎಲ್ಲರೂ ಇಲ್ಲೇ. ಸರ್ಕಾರ ಇಷ್ಟು ಜನರಿಗೆ ಅಗ್ಗದ ಮನೆ ಕಟ್ಟಿಕೊಡಲಿಲ್ಲ. ಗದ್ದೆ ಕಳೆದುಕೊಂಡ ರೈತರು ಕಟ್ಟಿಕೊಟ್ಟರು.

ಅದಕ್ಕೇ ಒಂದೊಂದು ಗಲ್ಲಿ ಬಿದ್ದಾಗಲೂ ಸಂಕಟ. ಬೈಶಿಝೌ ಅನ್ನುವ ಹಳ್ಳಿಯ ಪಕ್ಕದಲ್ಲೇ ಒಂದು ಥೀಮ್ ಪಾರ್ಕು ಇದೆ, ಅದರೊಳಗೆ 108 ಮೀಟರಿನ ನಕಲಿ ಐಫೆಲ್ ಟವರ್. ಆ ಟವರಿನ ನೆರಳಿನಲ್ಲಿ ಸುಮಾರು ಒಂದೂವರೆ ಲಕ್ಷ ಜನ ಬದುಕುತ್ತಿದ್ದರು. 2019ರಲ್ಲಿ ಮನೆ ಖಾಲಿ ಮಾಡಿಸಲು ಶುರು ಮಾಡಿದರು. ಜಾಗದ ಮಾಲೀಕರಿಗೆ ದೊಡ್ಡ ಪರಿಹಾರ, ಹಲವು ಫ್ಲಾಟು. ಬಾಡಿಗೆಯವರಿಗೆ ಕೆಲವು ವಾರಗಳ ಗಡುವು. ಅವರು ಹೆಚ್ಚು ಗೋಳಾಡಿದ್ದು ಮಕ್ಕಳ ಶಾಲೆಗಾಗಿ. ಯಾಕೆ ಅಂತ ತಿಳಿಯಲು ಎರಡನೇ ಕಾಗದ ತೆರೆಯಬೇಕು.

ಹುಕೌ

ಚೀನಾದಲ್ಲಿ 1958ರಿಂದ ಪ್ರತಿ ಕುಟುಂಬಕ್ಕೂ ಒಂದು ನೋಂದಣಿ ಪುಸ್ತಕ ಇದೆ. ಅದರ ಹೆಸರು ಹುಕೌ. ಅದರಲ್ಲಿ ಬರೆದ ಊರೇ ನಿಮ್ಮ ಊರು. ನಮ್ಮ ರೇಷನ್ ಕಾರ್ಡು, ವೋಟರ್ ಐಡಿ, ಶಾಲೆಯ ಸೀಟು, ಆಸ್ಪತ್ರೆ ವಿಮೆ, ಪಿಂಚಣಿ ಎಲ್ಲವನ್ನೂ ಒಂದೇ ಪುಸ್ತಕಕ್ಕೆ ಕಟ್ಟಿ, ಆ ಪುಸ್ತಕವನ್ನು ಹುಟ್ಟಿದ ಹಳ್ಳಿಗೆ ಕಟ್ಟಿದರೆ ಹೇಗೆ? ಸುಮಾರಾಗಿ ಹಾಗೆ. ಕೆಲಸಕ್ಕೆ ಎಲ್ಲಿಗೆ ಬೇಕಾದರೂ ಹೋಗಬಹುದು. ಪುಸ್ತಕ ನಿಮ್ಮ ಹಿಂದೆ ಬರುವುದಿಲ್ಲ. ಹಿಂದೆಲ್ಲ ಕಾಗದ ಇಲ್ಲದವರನ್ನು ಪೊಲೀಸರು ಹಿಡಿದು ಊರಿಗೆ ಸಾಗಿಸುತ್ತಿದ್ದರು. 2003ರಲ್ಲಿ ಪಕ್ಕದ ಗುವಾಂಗ್‌ಝೌನಲ್ಲಿ ಸುನ್ ಝಿಗಾಂಗ್ ಅನ್ನುವ ಯುವಕ ಹೀಗೆ ಬಂಧನದಲ್ಲಿ ಪೆಟ್ಟು ತಿಂದು ಸತ್ತ. ದೇಶವೇ ಸಿಟ್ಟಾಯಿತು. ಆ ಪದ್ಧತಿ ರದ್ದಾಯಿತು.

ಶೆನ್ಜೆನ್‌ನ ಪ್ರಸಿದ್ಧ ಘೋಷಣೆ ಒಂದಿದೆ: "ಬಂದವರೆಲ್ಲ ಶೆನ್ಜೆನ್‌ನವರೇ." ಮನಸ್ಸಿನ ಮಟ್ಟಿಗೆ ನಿಜ. ಎಲ್ಲರೂ ಹೊರಗಿನಿಂದ ಬಂದವರಾದ್ದರಿಂದ ಇಲ್ಲಿ ಯಾರೂ ನಿಮ್ಮ ಊರು ಯಾವುದು ಅಂತ ಹೀಯಾಳಿಸುವುದಿಲ್ಲ. ಸುತ್ತಲಿನ ಪ್ರಾಂತದಲ್ಲಿ ಹೆಚ್ಚಾಗಿ ಕ್ಯಾಂಟನೀಸ್ ಮಾತಾಡಿದರೆ ಇಲ್ಲಿ ಬೀದಿಯ ಭಾಷೆ ಮ್ಯಾಂಡರಿನ್. ಆದರೆ ಪುಸ್ತಕದ ಲೆಕ್ಕ ಬೇರೆ. ಆ ಒಂದು ಮುಕ್ಕಾಲು ಕೋಟಿ ಜನರಲ್ಲಿ ಸ್ಥಳೀಯ ಹುಕೌ ಇದ್ದವರು ಮೂರನೇ ಒಂದು ಪಾಲಿನಷ್ಟು. ಹುಕೌ ಪಡೆಯಲು ಪದವಿ ಬೇಕು, ಇಲ್ಲವೇ ಇಷ್ಟು ವರ್ಷ ವಿಮೆ ಕಟ್ಟಿರಬೇಕು. ಸರ್ಕಾರಿ ಶಾಲೆಗೂ ಅಂಕ ಪದ್ಧತಿ: ಹುಕೌ ಇದ್ದರೆ, ಸ್ವಂತ ಮನೆ ಇದ್ದರೆ ಜಾಸ್ತಿ ಅಂಕ. ಬಾಡಿಗೆ ಮನೆ ಹೋದರೆ ಶಾಲೆಯ ಸೀಟೂ ಕೈಬಿಡಬಹುದು. ಬೈಶಿಝೌನವರ ಗೋಳು ಇದೇ.

ಈಗ ಮುದುಕರ ಲೆಕ್ಕ ತಾಳೆಯಾಗುತ್ತದೆ. ಹದಿನೆಂಟು ಇಪ್ಪತ್ತಕ್ಕೆ ಬಂದವರು ನಲವತ್ತು ಐವತ್ತರವರೆಗೆ ದುಡಿಯುತ್ತಾರೆ. ಮಕ್ಕಳನ್ನು ಹಳ್ಳಿಯಲ್ಲಿ ಅಜ್ಜ ಅಜ್ಜಿ ನೋಡಿಕೊಳ್ಳುತ್ತಾರೆ. ಬೆನ್ನು ಬಾಗುವ ಹೊತ್ತಿಗೆ ಇಲ್ಲಿ ಬಾಡಿಗೆ ಕಟ್ಟಲಾಗದೆ, ವಿಮೆ ಪಿಂಚಣಿ ಊರಲ್ಲಿ ಅಂತ ವಾಪಸಾಗುತ್ತಾರೆ. ಅವರ ಜಾಗಕ್ಕೆ ಇನ್ನೊಂದು ಹದಿನೆಂಟು. ನಗರ ಜನರ ದುಡಿಯುವ ವಯಸ್ಸನ್ನಷ್ಟೇ ತೆಗೆದುಕೊಳ್ಳುತ್ತದೆ. ಬಾಲ್ಯ, ಮುಪ್ಪು ಎರಡರ ಖರ್ಚೂ ಹಳ್ಳಿಗೆ. ಹೊಸ ವರ್ಷದ ಹಬ್ಬಕ್ಕೆ ಬಂದರೆ ಅರ್ಧ ಊರು ಬಾಗಿಲು ಹಾಕಿರುತ್ತದೆ.

ಇದು ಕಲ್ಲಿನಲ್ಲಿ ಕೊರೆದ ಸ್ಥಿತಿಯಲ್ಲ. 1980ರ ದಶಕದಲ್ಲಿ ಬಂದವರು ಈಗ ಅರವತ್ತು ಮುಟ್ಟುತ್ತಿದ್ದಾರೆ. ಅವರಲ್ಲಿ ನೆಲೆಯೂರಿದವರು ಇಲ್ಲೇ ಮುದುಕರಾಗುತ್ತಾರೆ. ಶೆನ್ಜೆನ್‌ನ ಬಿವೈಡಿ ಕಂಪನಿಯ ತಂತ್ರಜ್ಞಾನದ ಬಸ್ಸುಗಳು ನಮ್ಮ ಕರ್ನಾಟಕದಲ್ಲೂ ಓಡುತ್ತಿವೆ. ಅದನ್ನು ಕಟ್ಟಿದ ಮೊದಲ ತಲೆಮಾರಿನ ಎಂಜಿನಿಯರುಗಳ ತಲೆ ಈಗ ನೆರೆತಿದೆ.

ಹೊರಡುವ ಹಿಂದಿನ ಸಂಜೆ "ಎರಡನೇ ಗೆರೆ" ಹುಡುಕಿಕೊಂಡು ಲುವೊಹುವಿನ ಬೆಟ್ಟದ ಕಡೆ ಹೋದೆ. 2010ರಲ್ಲಿ ವಲಯ ಇಡೀ ನಗರಕ್ಕೆ ಹಬ್ಬಿತು, 2018ರಲ್ಲಿ ಆ ಗೆರೆಯನ್ನೇ ಅಧಿಕೃತವಾಗಿ ಅಳಿಸಿದರು. ಬೇಲಿಯುದ್ದಕ್ಕೂ ಕಾವಲಿನವರು ಓಡಾಡಲು ಕಲ್ಲು ಹಾಸಿದ ದಾರಿಯ ಒಂದು ಭಾಗ ಈಗ ವಾಕಿಂಗ್ ಜಾಗ. ಜನ ಓಡುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಒಬ್ಬ ಅಜ್ಜಿ ಮೊಮ್ಮಗನ ಗಾಡಿ ತಳ್ಳಿಕೊಂಡು ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕೂತರು. ಫೋನಿನ ಅನುವಾದದ ಆ್ಯಪ್ ಮೂಲಕ ನಾಲ್ಕು ಮಾತಾಡಿದೆವು. ಅವರದು ಹುನಾನ್ ಕಡೆಯ ಹಳ್ಳಿ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮಗು ನೋಡಲು ಬಂದಿದ್ದಾರೆ. ಇಲ್ಲೇ ಇರ್ತೀರಾ ಅಂತ ಕೇಳಿದೆ. ಮೊಮ್ಮಗ ಇಲ್ಲೇ ಶಾಲೆಗೆ ಸೇರಿದರೆ ತಾನೊಬ್ಬಳೇ ಊರಿಗೆ ವಾಪಸು, ಸೀಟು ಸಿಗದಿದ್ದರೆ ಮೊಮ್ಮಗನ ಜೊತೆ ವಾಪಸು ಅಂದರು. ಅಂಕ ಎಷ್ಟಾಗುತ್ತದೆ ಅಂತ ಮಗ ಲೆಕ್ಕ ಹಾಕುತ್ತಿದ್ದಾನಂತೆ.